ಸಚಿವರ ಕಿವಿ

ದೇವದಾಸ್ ಸಾಲಿಯಾನರು ಸಚಿವರಾಗಿ ಏಳು ವರ್ಷ ಕಳೆದಿತ್ತು. ಯಾವ ಸರ್ಕಾರದಲ್ಲಿ ಎಂದು ಕೇಳಬಾರದು. ಮುಂಬೈ ಪಕ್ಕದ ಠಾಣೆಯ ವರ್ತಕ ನಗರದಲ್ಲಿ ನಾಲ್ಕು ಮಾಳಿಗೆಯ, ಹದಿನಾರು ಮನೆಗಳ 'ಸ್ನೇಹಸಂಗಮ' ಎಂಬ ಹೌಸಿಂಗ್ ಸೊಸೈಟಿ ಇದೆ. ಅದರ ಸೆಕ್ರೆಟರಿ ಅವರು. ಮರಾಠಿಯಲ್ಲಿ ಸೆಕ್ರೆಟರಿಗೆ 'ಸಚಿವ' ಎನ್ನುತ್ತಾರೆ. ಸಂಬಳವಿಲ್ಲದೆ ದುಡಿಯುವವನಾದರೆ 'ಮಾನದ ಸಚಿವ'. ಕನ್ನಡದಲ್ಲಿ ಸಚಿವ ಎಂದರೆ ಮಂತ್ರಿ ಎಂಬುದು ದೇವದಾಸರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದರಿಂದಲೇ, ಆಯ್ಕೆಯಾದ ವಾರದಲ್ಲೇ ಕನ್ನಡದಲ್ಲಿ ಇನ್ನೂರು ಕಾರ್ಡು ಅಚ್ಚು ಹಾಕಿಸಿದರು: 'ದೇವದಾಸ್ ಕೆ. ಸಾಲಿಯಾನ್, ಮಾನದ ಸಚಿವ, ಠಾಣೆ, ಮಹಾರಾಷ್ಟ್ರ'. ಸೊಸೈಟಿಯ ಹೆಸರು ಹಾಕಲು ಜಾಗ ಸಾಲಲಿಲ್ಲವಂತೆ.

ಊರಿನಲ್ಲಿ, ಕಾಪು ಕಡೆಯ ಒಂದು ಮದುವೆಯಲ್ಲಿ, ಆ ಕಾರ್ಡು ನೋಡಿದವರೊಬ್ಬರು "ಮಹಾರಾಷ್ಟ್ರದ ಸಚಿವರು ನಮ್ಮ ನಡುವೆ ಇದ್ದಾರೆ" ಎಂದು ಮೈಕಿನಲ್ಲಿ ಸಾರಿ ಅವರನ್ನು ಮುಂದಿನ ಸಾಲಿನ ಸೋಫಾದಲ್ಲಿ ಕೂರಿಸಿದರು. ದೇವದಾಸರು ತಿದ್ದಲಿಲ್ಲ. ಮೈಕಿನಲ್ಲಿ ಏನು ಹೇಳಿದರೆಂದು ಸರಿಯಾಗಿ ಕೇಳಿಸಲಿಲ್ಲ ಎಂದು ಆಮೇಲೆ ಹೆಂಡತಿ ಸುಂದರಿಗೆ ಹೇಳಿದರು. ಆ ಮಾತಿನಲ್ಲಿ ಅರ್ಧ ನಿಜವಿತ್ತೆಂದು ಆಗ ಯಾರಿಗೂ ಹೊಳೆಯಲಿಲ್ಲ.

ದೇವದಾಸರಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಐವತ್ತೆಂಟರ ಪ್ರಾಯದಲ್ಲಿ ಅವರಿಗೆ ಲೋಕದ ಮೇಲಿದ್ದ ದೊಡ್ಡ ಸಿಟ್ಟೆಂದರೆ ಜನರಿಗೆ ಬಾಯಿ ಬಿಟ್ಟು ಮಾತಾಡುವ ಅಭ್ಯಾಸ ತಪ್ಪಿಹೋಗಿದೆ ಎಂಬುದು. ಹೆಂಡತಿ ಗೊಣಗುತ್ತಾಳೆ. ಮಗಳು ಪ್ರಣೀತಾ ಪಿಸುಗುಡುತ್ತಾಳೆ. ಟೀವಿಯಲ್ಲಿ ವಾರ್ತೆ ಓದುವ ಹುಡುಗಿಯರಿಗೆ ಊಟ ಹಾಕುವವರಿಲ್ಲ. "ಎಲ್ಲರ ಗಂಟಲಿಗೂ ಒಟ್ಟಿಗೇ ರೋಗ ಬಂದದ್ದಾ?" ಎಂದು ಅವರು ಕಿರುಚುತ್ತಿದ್ದರು. ಅವರು ಕಿರುಚಿದ್ದು ಎರಡನೆಯ ಮಾಳಿಗೆಯವರೆಗೆ ಕೇಳಿಸುತ್ತಿತ್ತು.

ಇನ್ನು ಸಭೆಯ ನಡಾವಳಿಯ ವಿಷಯ. ಸೊಸೈಟಿಯ ಮೀಟಿಂಗು ನಡೆಯುವುದು ಮರಾಠಿಯಲ್ಲಿ. ಸಚಿವರು ಕಿವಿಗೆ ಬಿದ್ದದ್ದನ್ನೆಲ್ಲ ಕನ್ನಡದಲ್ಲಿ ಒಂದು ನೋಟುಬುಕ್ಕಿನಲ್ಲಿ ಗೀಚಿಕೊಳ್ಳುತ್ತಾರೆ. ಮನೆಗೆ ಬಂದು ಅದನ್ನು ಗಟ್ಟಿಯಾಗಿ ಓದುತ್ತಾರೆ. ಠಾಣೆಯಲ್ಲೇ ಹುಟ್ಟಿ ಬೆಳೆದು, ಕನ್ನಡ ಕೇಳಿದರೆ ಅರ್ಥವಾಗುವ, ಆದರೆ ಓದಲು ಬಾರದ ಪ್ರಣೀತಾ ಅದನ್ನು ಮರಾಠಿಯಲ್ಲಿ ಕಂಪ್ಯೂಟರಿಗೆ ಹೊಡೆಯುತ್ತಾಳೆ. ಟೈಪು ಹೊಡೆಯುವಾಗ ಅವಳ ಒಂದು ಕಿವಿಯಲ್ಲಿ ಇಯರ್‌ಫೋನು ಹಾಡುತ್ತಿರುತ್ತದೆ. ಕೊನೆಗೆ ಪ್ರಿಂಟು ತೆಗೆದ ಕಾಗದವನ್ನು ದೇವದಾಸರು ಕಣ್ಣಿಗೆ ಹತ್ತಿರ ಹಿಡಿದು, 'ಮಾನದ ಸಚಿವ' ಎಂಬುದು ಸರಿಯಾಗಿ ಬಿದ್ದಿದೆಯೇ ಎಂದಷ್ಟೇ ನೋಡಿ ಸಹಿ ಹಾಕುತ್ತಾರೆ. ಏಳು ವರ್ಷ ಈ ಏರ್ಪಾಡು ಹೇಗೋ ನಡೆದಿತ್ತು.

ಆ ತಿಂಗಳ ಸಭೆಯಲ್ಲಿ ಮೂರನೆಯ ಮಾಳಿಗೆಯ ಖಾನೋಲ್ಕರ್ ಮಾಸ್ತರರು ಎದ್ದು ನಿಂತರು. ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ, ಹೆಂಡತಿ ಚಂದ್ರಬಾಯಿಯವರ ಎದುರು ಅಂಗಿಯ ಮೇಲಿನ ಗುಂಡಿಯನ್ನೂ ಬಿಚ್ಚದ ಸಜ್ಜನ. ಅವರು ಹೇಳಿದ್ದು ಇಷ್ಟು: ತಮ್ಮ ಬಾತ್‌ರೂಮಿನಲ್ಲಿ ಎರಡು ವರ್ಷದಿಂದ 'ಗಳತಿ' ಇದೆ. ಗಳತಿ ಎಂದರೆ ಮರಾಠಿಯಲ್ಲಿ ಸೋರಿಕೆ. ದೇವದಾಸರ ನೋಟುಬುಕ್ಕಿನಲ್ಲಿ ಅದು 'ಗೆಳತಿ' ಆಯಿತು. ಒಂದೇ ಒಂದು ಎತ್ವ. ಅದನ್ನು ಹಾಕಿದ್ದು ಅವರ ಕಿವಿಯೋ ಕೈಯೋ ಎಂಬುದೇ ಮುಂದಿನ ರಣರಂಗಕ್ಕೆಲ್ಲ ಮೂಲ.

ದೇವದಾಸರು ಓದಿದರು. ಗೆಳತಿ ಎಂದರೆ 'ಮೈತ್ರೀಣ್' ಎಂದು ಪ್ರಣೀತಾಗೆ ಚೆನ್ನಾಗಿ ಗೊತ್ತಿತ್ತು, ಹೊಡೆದಳು. ಸೋಮವಾರ ಬೆಳಿಗ್ಗೆ ಮೆಟ್ಟಿಲ ಬುಡದ ನೋಟಿಸ್ ಬೋರ್ಡಿನಲ್ಲಿ ಹದಿನಾರೂ ಮನೆಯವರು ಓದಿದ್ದು ಹೀಗೆ:

'ವಿಷಯ ೪. ಶ್ರೀ ಖಾನೋಲ್ಕರ್ (೩೦೨) ಇವರ ಬಾತ್‌ರೂಮಿನಲ್ಲಿ ಎರಡು ವರ್ಷಗಳಿಂದ ಗೆಳತಿ ಇದ್ದಾಳೆ. ಆಕೆ ಮೇಲಿನ ಮನೆಯಿಂದ ಬರುವುದೆಂದು ಅವರ ಅಭಿಪ್ರಾಯ. ಮಳೆಗಾಲದಲ್ಲಿ ಹೆಚ್ಚು. ಕಮಿಟಿಯವರು ಒಮ್ಮೆ ಬಂದು ಕಣ್ಣಾರೆ ನೋಡಬೇಕೆಂದು ಅವರ ವಿನಂತಿ. ವಿನಂತಿ ಮಾನ್ಯ ಮಾಡಲಾಯಿತು.'

ಬೋರ್ಡಿನ ಮುಂದೆ ಜನ ಸೇರಿದರು. ಏಳು ವರ್ಷದಲ್ಲಿ ಒಬ್ಬರೂ ಓದದ ನಡಾವಳಿಯನ್ನು ಜನ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುವುದನ್ನು ಬಾಲ್ಕನಿಯಿಂದ ಕಂಡ ದೇವದಾಸರಿಗೆ ಎದೆಯುಬ್ಬಿತು. "ನೋಡು, ಈ ಸಲದ್ದು ಚಂದ ಬಂದಿದೆ" ಎಂದು ಸುಂದರಿಗೆ ಹೇಳಿದರು. ಹತ್ತು ನಿಮಿಷದಲ್ಲಿ ಚಂದ್ರಬಾಯಿಯವರು ಆ ಕಾಗದವನ್ನು ಬೋರ್ಡಿನಿಂದ ಕಿತ್ತು, ಪಿನ್ನುಗಳ ಸಮೇತ ಹಿಡಿದುಕೊಂಡು, ನಾಲ್ಕನೆಯ ಮಾಳಿಗೆ ಹತ್ತಿ ಬಂದರು. ಹಿಂದೆ ಮಾಸ್ತರರು, ಅವರ ಹಿಂದೆ ಅರ್ಧ ಸೊಸೈಟಿ.

"ಸಚಿವಸಾಹೇಬ್!" ಎಂದರು ಚಂದ್ರಬಾಯಿ, ಮರಾಠಿಯಲ್ಲಿ. "ನಮ್ಮ ಮನೆಯವರ ಮೈತ್ರೀಣ್ ಯಾರು? ಹೆಸರು ಹೇಳಿ. ಎರಡು ವರ್ಷದಿಂದ ನಾನು ಆ ಬಾತ್‌ರೂಮ್ ತೊಳೀತಾ ಇದ್ದೇನೆ, ನನಗೆ ಒಮ್ಮೆಯೂ ಸಿಕ್ಕಿಲ್ಲ!"

"ಎಂತ ಸಿಕ್ಕಿಲ್ಲ?" ಎಂದರು ದೇವದಾಸರು.

"ಮೈತ್ರೀಣ್!"

"ಮಶೀನಾ? ಮಶೀನಿನ ವಿಷಯ ಮುಂದಿನ ಮೀಟಿಂಗಿನಲ್ಲಿ."

ಸುಂದರಿ ಕಾಗದ ಕಿತ್ತುಕೊಂಡು ಓದಿದಳು. ಎರಡನೆಯ ಸಾಲಿಗೆ ಬಂದಾಗ ಅವಳ ಮುಖ ಕೆಂಪಾಯಿತು. ೩೦೨ರ ಮೇಲಿನ ಮನೆ ಎಂದರೆ ೪೦೨. ೪೦೨ ಎಂದರೆ ತಾನು ನಿಂತಿರುವ ಹೊಸ್ತಿಲು. ಈ ಲೆಕ್ಕ ಅವಳಿಗಿಂತ ಮೊದಲೇ ಮೆಟ್ಟಿಲ ಮೇಲಿದ್ದವರಿಗೆಲ್ಲ ಆಗಿತ್ತು. ಅವರು ಅವಳನ್ನು ಹೊಸದಾಗಿ ನೋಡುತ್ತಿದ್ದರು.

"ಮೇಲಿನ ಮನೆಯಿಂದ ಬರುವುದಾ? ಯಾರು, ನಾನಾ?" ಎಂದು ಅವಳು ಗಂಡನ ಮುಖಕ್ಕೆ ಕಾಗದ ಹಿಡಿದಳು. "ಮಳೆಗಾಲದಲ್ಲಿ ಹೆಚ್ಚಾ? ನಾಚಿಕೆ ಇಲ್ವಾ ನಿಮ್ಗೆ! ಸ್ವಂತ ಹೆಂಡ್ತಿಯನ್ನು ನೋಟಿಸ್ ಬೋರ್ಡಿಗೆ ಹಾಕಿದ್ರಲ್ಲ ಮಾರಾಯ್ರೆ!"

ಮಾಸ್ತರರು ಸುಂದರಿಗೆ ಕೈಮುಗಿದು, ಅತ್ತಿಗೆಯೆಂದು ಕರೆದು, "ವಹಿನಿ, ದೇವರಾಣೆ, ನಾನು ನಲ್ಲಿ ನೀರಿನ ವಿಷಯ ಹೇಳಿದ್ದು" ಎಂದರು. ಅವರು ಅಷ್ಟು ಬೆವರಬಾರದಿತ್ತು. ಜನ ಅದನ್ನೂ ಗಮನಿಸಿದರು.

ಗಳತಿ ಗೆಳತಿಯಾದದ್ದು ಗೊತ್ತಾಗಲು ಕಾಲು ಗಂಟೆ ಹಿಡಿಯಿತು. ಕ್ಷಮೆ ಕೇಳಿ ಮುಗಿಸಬಹುದಾದ ಮಾತು. ಆದರೆ ಸಚಿವರು ಕ್ಷಮೆ ಕೇಳುವುದುಂಟೇ? ತಪ್ಪು ಮಾಸ್ತರರದ್ದು, ಅವರು ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡಂತೆ ಮಾತಾಡುತ್ತಾರೆ ಎಂದರು. ತಪ್ಪು ಮಗಳದ್ದು ಎಂದರು. ಪ್ರಣೀತಾ ಒಳಗಿನಿಂದ, "ಪಪ್ಪಾ, ಆಪ್‌ನೇ ಜೋ ಬೋಲಾ ವಹೀ ಟೈಪ್ ಕಿಯಾ!" ಎಂದಳು, ನೀವು ಹೇಳಿದ್ದನ್ನೇ ಹೊಡೆದದ್ದು ಎಂದು.

"ಎಂತ ಹೇಳ್ತಾಳೆ?" ಎಂದು ದೇವದಾಸರು ಸುಂದರಿಯನ್ನು ಕೇಳಿದರು.

ಆಗಲೇ ಮೆಟ್ಟಿಲ ಮೇಲಿನಿಂದ ಯಾರೋ, "ಅರೆ, ಹೇ ತರ್ ಬಹಿರೆ ಆಹೇತ್!" ಎಂದರು. ಇವರು ಕಿವುಡರು ಎಂದು. ವಿಚಿತ್ರವೆಂದರೆ ಆ ಒಂದು ಮಾತು ದೇವದಾಸರಿಗೆ ಸ್ಪಷ್ಟವಾಗಿ ಕೇಳಿಸಿತು.

"ಯಾರದು ಬಹಿರಾ? ನನ್ನ ಕಿವಿ ನೂರಕ್ಕೆ ನೂರು!"

"ಹಾಗಾದರೆ ಕೇಳಿ" ಎಂದರು ಚಂದ್ರಬಾಯಿ, ತಣ್ಣಗೆ. ಬೈಯುವಾಗಿನ ಚಂದ್ರಬಾಯಿಗಿಂತ ತಣ್ಣಗಾದ ಚಂದ್ರಬಾಯಿಯನ್ನು ಕಂಡರೆ ಮಾಸ್ತರರಿಗೆ ಹೆದರಿಕೆ ಹೆಚ್ಚು. "ಕಿವಿ ಕೇಳಿಸದಿದ್ದರೆ ಸಚಿವರ ಕುರ್ಚಿ ಬಿಡಿ. ಡಾಕ್ಟರರ ಕಾಗದ ಬೇಕು ನನಗೆ. ಬರುವ ರವಿವಾರ ಮೀಟಿಂಗು, ಎಲ್ಲರ ಎದುರು ಓದಬೇಕು."

"ತರ್ತೇನೆ! ಫ್ರೇಮು ಹಾಕಿಸಿ ತರ್ತೇನೆ!"

ಬಾಗಿಲು ದಢಾರನೆ ಮುಚ್ಚಿತು. ಸುಂದರಿ ಆ ದಿನದಿಂದ ಗಂಡನ ಜತೆ ಮಾತು ಬಿಟ್ಟಳು. ದೇವದಾಸರಿಗೆ ಅದು ಗೊತ್ತಾದದ್ದು ಮೂರನೆಯ ದಿನ.

ವರ್ತಕ ನಗರದಲ್ಲಿ ಕಿವಿಯ ಡಾಕ್ಟರರಿಗೆ ಬರವಿಲ್ಲ. ಆದರೆ ಸಚಿವರು ಅಲ್ಲಿ ಬೆಂಚಿನ ಮೇಲೆ ಕೂತದ್ದನ್ನು ಯಾರಾದರೂ ಕಂಡರೆ? ಹೀಗಾಗಿ ಅವರು ತಮ್ಮ ಹಳೆಯ ಸ್ನೇಹಿತ ಜಯಶೀಲನನ್ನು ಹಿಡಿದರು. ಜಯಶೀಲ ದಿವಾದಲ್ಲಿ ವಾಸ, ಠಾಣೆ ಕೋರ್ಟಿನ ಹತ್ತಿರ ವಕೀಲರೊಬ್ಬರಲ್ಲಿ ಗುಮಾಸ್ತ. ಅವನ ಅಣ್ಣನ ಮಗಳು ರಮಿತಾ ದೂರದ ಸೀವುಡ್ಸಿನಲ್ಲಿ ಕಿವಿ ಪರೀಕ್ಷೆ ಮಾಡುವ ಕ್ಲಿನಿಕ್ಕಿನಲ್ಲಿದ್ದಳು. ಶನಿವಾರ ಬೆಳಿಗ್ಗೆ ದೇವದಾಸರು, ಜಯಶೀಲ, ಸುಂದರಿ ಮೂವರೂ ಠಾಣೆಯಿಂದ ಪನವೇಲ್ ರೈಲುಗಾಡಿ ಹತ್ತಿದರು. ಸುಂದರಿ ಯಾಕೆ ಬಂದಳೆಂದರೆ, ಗಂಡ ಕಾಗದವನ್ನು ತಿದ್ದಿಸಿಕೊಂಡು ಬರಬಹುದೆಂದು.

ಐರೋಲಿ ದಾಟಿದ ಮೇಲೆ ಜಯಶೀಲ ಬಾಗಿ ಹೇಳಿದ: "ದೇವಣ್ಣ, ನೀವು ಪಾಸಾಗ್ಬಾರ್ದು."

"ಹ್ಞಾಂ?"

"ಪಾಸಾಗ್ಬಾರ್ದು!"

"ಪಾಸಾ? ಪಾಸು ಇಲ್ಲ, ರಿಟರ್ನ್ ಟಿಕೇಟು ತೆಗ್ದಿದ್ದೇನೆ."

ಜಯಶೀಲ ನಡುನಡುವೆ ಹಿಂದಿ ಬೆರೆಸಿ ದನಿ ಏರಿಸಿದ. ಗಾಡಿಯ ಸದ್ದಿನ ಮೇಲೆ ದೇವದಾಸರಿಗೆ ಕೇಳಿಸಬೇಕಾದರೆ ಡಬ್ಬಿಯಲ್ಲಿದ್ದವರಿಗೆಲ್ಲ ಕೇಳಿಸಲೇಬೇಕು. "ಕಿವಿ ಸರಿ ಉಂಟು ಅಂತ ಕಾಗ್ದ ಬಂದ್ರೆ ಎಂತ ಅರ್ಥ? ಗಳತಿ ಅಂತ ಸರಿ ಕೇಳಿಯೂ ಬೇಕಂತ್ಲೇ ಗೆಳತಿ ಅಂತ ಬರ್ದದ್ದು ಅಂತ ಅರ್ಥ! ಮರ್ಯಾದಸ್ಥರ ಮಾನ ತೆಗ್ದದ್ದು! ಆ ಚಂದ್ರಬಾಯಿ ಸೀದಾ ಪೋಲೀಸ್ ಚೌಕಿಗೆ ಹೋಗ್ತಾಳೆ. ಕೇಸ್ ಆಗ್ತದೆ ದೇವಣ್ಣ, ಕೇಸ್! ಕಿವುಡ ಅಂತ ಬಂದ್ರೆ ಕುರ್ಚಿ ಹೋಗ್ತದೆ, ನೀವು ಬಚಾವ್!"

ಈ ಬೋನಿನ ಬಾಗಿಲು ತಾವೇ ಎಳೆದುಕೊಂಡದ್ದೆಂದು ದೇವದಾಸರಿಗೆ ಈಗ ಕಂಡಿತು. ಎದುರು ಕೂತಿದ್ದ, ಎಂದೂ ಕಂಡಿರದ ಗೃಹಸ್ಥನೊಬ್ಬ ಹಿಂದಿಯಲ್ಲಿ, "ಭಾಯಿಸಾಬ್ ಸರಿ ಹೇಳ್ತಾರೆ, ಫೇಲ್ ಆಗಿ" ಎಂದ. ಕಿಟಕಿಯ ಬಳಿಯ ಮುದುಕರು, ಛೆ, ಮನುಷ್ಯ ಜೈಲಿಗೆ ಹೋದರೂ ಪದವಿ ಬಿಡಬಾರದು ಎಂದರು. ಬಾಗಿಲಲ್ಲಿ ನೇತಾಡುತ್ತಿದ್ದವರು ವಿಷಯವೇನೆಂದು ಕೇಳಿ ತಿಳಿದುಕೊಂಡರು. ಕೋಪರ್‌ಖೈರಣೆ ಬರುವಷ್ಟರಲ್ಲಿ ಡಬ್ಬಿ ಎರಡು ಪಕ್ಷವಾಗಿತ್ತು. ನೆರೂಳಿನಲ್ಲಿ ಇಳಿದುಹೋದವನೊಬ್ಬ ಪ್ಲಾಟ್‌ಫಾರಮ್ಮಿನಿಂದ, "ಅಂಕಲ್, ಬಟನ್ ದಬಾನಾ ಹೀ ನಹೀ!" ಎಂದು ಕೂಗಿದ, ಪರೀಕ್ಷೆಯಲ್ಲಿ ಕೈಗೆ ಕೊಡುವ ಗುಂಡಿಯನ್ನು ಒತ್ತಲೇಬೇಡಿ ಎಂದು. ಸುಂದರಿ ಇಡೀ ದಾರಿ ಕಿಟಕಿಯ ಕಡೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದಳು. ದೇವರ ನಾಮ ಹೇಳುತ್ತಿದ್ದಾಳೆಂದು ದೇವದಾಸರು ತಿಳಿದರು.

ರಮಿತಾ ಇಪ್ಪತ್ತಾರರ ಚುರುಕು ಹುಡುಗಿ. "ಅಂಕಲ್, ಯಾವ ಭಾಷೆಯಲ್ಲಿ ಟೆಸ್ಟ್ ಮಾಡುವ? ತುಳು ಶಬ್ದಗಳ ಪಟ್ಟಿ ಇಲ್ಲ ನನ್ನ ಹತ್ರ. ಹಿಂದಿ, ಮರಾಠಿ ಉಂಟು."

"ಮರಾಠಿಯಲ್ಲೇ ಮಾಡಮ್ಮ. ನಾನು ಇಲ್ಲಿಯ ಸಚಿವ" ಎಂದರು ದೇವದಾಸರು. ಕುರ್ಚಿಯ ಮೇಲೆ ಇನ್ನೊಂದು ದಿನದ ಹಕ್ಕು ಉಳಿದಿತ್ತಲ್ಲ.

ಗಾಜಿನ ಕಿಟಕಿಯಿದ್ದ ಒಂದು ದಪ್ಪ ಗೋಡೆಯ ಗೂಡಿನೊಳಗೆ ಅವರನ್ನು ಕೂರಿಸಿ, ತಲೆಗೆ ದೊಡ್ಡ ಹೆಡ್‌ಫೋನು ತೊಡಿಸಿ, ಕೈಗೆ ಒಂದು ಗುಂಡಿ ಕೊಟ್ಟಳು. ಸದ್ದು ಎಷ್ಟೇ ಸಣ್ಣದಿರಲಿ, ಕೇಳಿಸಿದ ಕೂಡಲೇ ಒತ್ತಬೇಕು. ದೇವದಾಸರು ತಲೆಯಾಡಿಸಿದರು. ಮನಸ್ಸಿನಲ್ಲಿ ಊರಿನ ದೈವಕ್ಕೆ ಕೈಮುಗಿದು ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಟ್ಟರು.

'ಗುಂಯ್' ಎಂದು ಬಂತು. ಒತ್ತಲಿಲ್ಲ. ಮತ್ತೆ ಬಂತು, ಇನ್ನೂ ಸಣ್ಣಗೆ. ಒತ್ತಲಿಲ್ಲ. ಇಪ್ಪತ್ತೆಂಟು ವರ್ಷ ರಬಾಲೆಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವನಿಗೆ ಒಂದು ಬೆರಳನ್ನು ತಡೆದುಕೊಳ್ಳುವುದು ದೊಡ್ಡದೇ? ಐದಾರು ಗುಂಯ್‌ಗಳನ್ನು ಅವರು ಹೀಗೆ ವೀರರಂತೆ ಎದುರಿಸಿದರು. ಆಮೇಲೆ ಸದ್ದು ನಿಂತುಹೋಯಿತು. ಕಾದರು. ಏನೂ ಇಲ್ಲ. ಗಾಜಿನಾಚೆ ರಮಿತಾ ಯಂತ್ರದ ಮೇಲೆ ಏನೋ ತಿರುವುತ್ತ, ಬರೆದುಕೊಳ್ಳುತ್ತ ಇದ್ದಳು. ಐದು ನಿಮಿಷವಾಯಿತು, ಎಂಟಾಯಿತು. ಮೋಸ ಮಾಡಲೆಂದು ಬಂದ ಮನುಷ್ಯನಿಗೆ ಮೋಸಕ್ಕೆ ಅವಕಾಶವನ್ನೇ ಕೊಡದಿದ್ದರೆ ಸಿಟ್ಟು ಬಾರದೆ ಇರುತ್ತದೆಯೇ? ಅವರು ಹೆಡ್‌ಫೋನು ಕಿತ್ತು ಬಾಗಿಲು ತಳ್ಳಿ ಹೊರಗೆ ಬಂದರು.

"ಎಂತ ಮಾಡ್ತಾ ಇದ್ದೀಯಮ್ಮ? ಕರೆಂಟು ಹೋಗಿದ್ರೆ ಹೇಳ್ಬಾರ್ದಾ? ಎಂಟು ನಿಮಿಷದಿಂದ ಕೂತಿದ್ದೇನೆ, ಒಂದು ಸದ್ದಿಲ್ಲ!"

"ಅಂಕಲ್, ಸದ್ದು ನಿಂತೇ ಇಲ್ಲ. ಈಗ್ಲೂ ಬರ್ತಾ ಉಂಟು" ಎಂದು ರಮಿತಾ ಹೆಡ್‌ಫೋನನ್ನು ಜಯಶೀಲನ ಕೈಗೆ ಕೊಟ್ಟಳು. ಜಯಶೀಲ ಕಿವಿಗಿಟ್ಟವನು ಬೆಚ್ಚಿ ಕಿತ್ತುಬಿಟ್ಟ. "ಅಬ್ಬಬ್ಬಾ! ಸೀಟಿ ಹೊಡ್ದ ಹಾಗೆ ಉಂಟಲ್ಲ ಮಾರಾಯ್ರೆ!"

"ಸುಳ್ಳು! ನಾನು ಒತ್ತದೆ ಇದ್ದದ್ದು ಮೊದಲಿನ ಸದ್ದುಗಳಿಗೆ, ಅದು ಬೇಕಂತ್ಲೇ..." ಎಂದವರು ನಾಲಿಗೆ ಕಚ್ಚಿಕೊಂಡರು.

"ಗೊತ್ತು ಅಂಕಲ್" ಎಂದಳು ರಮಿತಾ. "ಮೊದಲಿನ ಪ್ರತಿ ಸದ್ದಿಗೂ ನಿಮ್ಮ ಹುಬ್ಬು ಮೇಲೆ ಹೋಯ್ತು. ನಾನು ಹುಬ್ಬು ನೋಡಿ ಬರ್ಕೊಂಡೆ. ಈ ಸದ್ದುಗಳಿಗೆ ಹುಬ್ಬು ಅಲ್ಲಾಡ್ಲೇ ಇಲ್ಲ."

ಜಯಶೀಲ ಮೆಲ್ಲಗೆ ಅವರನ್ನು ಮತ್ತೆ ಗೂಡಿನೊಳಗೆ ದೂಡಿದ. ಈಗ ಶಬ್ದಗಳ ಪರೀಕ್ಷೆ. ರಮಿತಾ ಬಾಯಿಗೆ ಕಾಗದ ಅಡ್ಡ ಹಿಡಿದು ಮೈಕಿನಲ್ಲಿ ಒಂದೊಂದೇ ಮರಾಠಿ ಪದ ಹೇಳುವುದು, ಅವರು ಅದನ್ನೇ ತಿರುಗಿ ಹೇಳುವುದು. ದೇವದಾಸರಿಗೆ ಈಗ ಛಲ ಬಂದಿತ್ತು. ಕೇಸಾಗಲಿ, ಚೌಕಿಯಾಗಲಿ, ಈ ಹುಡುಗಿಗೆ ತೋರಿಸಿಕೊಡುವುದೇ.

"ಆಠ" ಎಂದಳು ರಮಿತಾ. ಎಂಟು.

"ಆಟ. ಯಾವ ಮೇಳದ್ದು?" ಎಂದರು ದೇವದಾಸರು. ಅವರ ಊರಿನ ಕಡೆ ಆಟವೆಂದರೆ ಯಕ್ಷಗಾನ.

"ನಾಕ್." ಮೂಗು.

"ನಾಲ್ಕು."

"ಆಜೀ." ಅಜ್ಜಿ. ತುಳುವಿನಲ್ಲಿ ಆಜಿ ಎಂದರೆ ಆರು. ದೇವದಾಸರು ಗಾಜಿಗೆ ಬೆರಳು ಕುಟ್ಟಿ, "ನಾಲ್ಕಾದ ಮೇಲೆ ಐದು ಬರ್ಬೇಕಲ್ಲಮ್ಮ, ಸೀದಾ ಆರಕ್ಕೆ ಹಾರಿದ್ದು ಯಾಕೆ?" ಎಂದು ತಿದ್ದಿದರು. ಯಂತ್ರ ನಡೆಸಲು ಬಾರದವಳಿಗೆ ಎಣಿಸಲೂ ಬಾರದೆಂದು ಅವರಿಗೆ ಖಾತ್ರಿಯಾಯಿತು.

"ಕೇಸ್" ಎಂದಳು ರಮಿತಾ. ಮರಾಠಿಯಲ್ಲಿ ಕೂದಲು.

ದೇವದಾಸರು ನಿಂತುಬಿಟ್ಟರು. ಹೆಡ್‌ಫೋನಿನ ತಂತಿ ಎಳೆದು ಯಂತ್ರವೇ ಅಲ್ಲಾಡಿತು. "ಕೇಸ್ ವಿಷಯ ನಿನಗೆ ಯಾರು ಹೇಳಿದ್ದು? ಜಯಶೀಲಾ! ಪರೀಕ್ಷೆಗೆ ಮೊದ್ಲೇ ಹೇಳಿದ್ಯಾ ಇವಳಿಗೆ? ಚಂದ್ರಬಾಯಿ ಇಲ್ಲಿಗೂ ಫೋನು ಮಾಡಿದ್ಳಾ?"

ಹೊರಗೆ ಸುಂದರಿ ಹಣೆ ಹಣೆ ಬಡಿದುಕೊಂಡಳು.

ಕೊನೆಗೆ ರಮಿತಾ ಒಂದು ಕಾಗದ ತಂದು ಮೇಜಿನ ಮೇಲೆ ಹರಡಿದಳು. ಎಡದಿಂದ ಹೊರಟ ಗೆರೆಯೊಂದು ಸ್ವಲ್ಪ ದೂರ ನೆಟ್ಟಗೆ ಹೋಗಿ, ಆಮೇಲೆ ಮೆಟ್ಟಿಲಿನಿಂದ ಬಿದ್ದವನಂತೆ ಕೆಳಗಿಳಿದಿತ್ತು. "ದಪ್ಪ ಸ್ವರ ಕೇಳ್ತದೆ ಅಂಕಲ್. ತೆಳು ಸ್ವರ ಹೋಗಿದೆ. ಹಕ್ಕಿ, ಗಡಿಯಾರ, ಕುಕ್ಕರಿನ ಸೀಟಿ, ಹೆಂಗಸರ ಮಾತು. ಎಲ್ಲರೂ ಗೊಣಗಿದ ಹಾಗೆ ಅನ್ನಿಸ್ತದೆ ಅಲ್ವಾ ನಿಮಗೆ?"

ದೇವದಾಸರು ಗೆರೆಯ ಮೇಲೆ ಬೆರಳಿಟ್ಟು, ಅದು ಬಿದ್ದ ಜಾಗದವರೆಗೆ ಎಳೆದರು.

"ಕೆಲಸ ಎಲ್ಲಿ ಮಾಡ್ತಿದ್ರಿ?"

"ಬಾಟ್ಲಿ ತುಂಬುವ ಕಾರ್ಖಾನೆ" ಎಂದರು. ಸಾವಿರಾರು ಗಾಜಿನ ಬಾಟಲಿಗಳು ಒಂದಕ್ಕೊಂದು ಬಡಿಯುತ್ತ ಪಟ್ಟಿಯ ಮೇಲೆ ಬರುತ್ತಿದ್ದದ್ದು, ಕಿವಿಗೆ ಹತ್ತಿ ಇಟ್ಟುಕೊಂಡವನನ್ನು ಮೇಲಿನವರು ಹೆಣ್ಣಿಗನೆಂದು ನಗುತ್ತಿದ್ದದ್ದು, ತಾವೂ ಜತೆಗೆ ನಕ್ಕದ್ದು ನೆನಪಾಯಿತು. ಸಿಟ್ಟು ಬಂತು. ಎದುರಿಗೆ ಬೈಯಲು ಯಾರೂ ಇಲ್ಲದ ಸಿಟ್ಟು ಅದು.

ರಮಿತಾ ಗೋಡಂಬಿಯಷ್ಟು ದೊಡ್ಡ ಯಂತ್ರವೊಂದನ್ನು ಅವರ ಕಿವಿಯ ಹಿಂದೆ ಕೂರಿಸಿದಳು. ಸೋಮವಾರದವರೆಗೆ ಹಾಕಿ ನೋಡಿ, ಬೇಡವಾದರೆ ತಿರುಗಿಸಿ ಕೊಡಿ ಎಂದಳು. ಬೇಡ, ಬೇಡವೇ ಬೇಡ ಎಂದು ದೇವದಾಸರು ಬಾಯಿ ತೆರೆಯುವಷ್ಟರಲ್ಲಿ ಬೆನ್ನ ಹಿಂದಿನಿಂದ ಒಂದು ಸಣ್ಣ ಸ್ವರ ತುಳುವಿನಲ್ಲಿ ನಿರಂತರವಾಗಿ ಹರಿದು ಬರುವುದು ಕೇಳಿಸಿತು. ಈ ಮನುಷ್ಯನಿಗೆ ಮಾನವಿಲ್ಲ, ಮರ್ಯಾದೆಯಿಲ್ಲ, ಸಚಿವನಂತೆ ಸಚಿವ, ಆ ಕಾರ್ಡುಗಳನ್ನೆಲ್ಲ ಒಲೆಗೆ ಹಾಕಬೇಕಿತ್ತು ಎಂದು. ಅವರು ತಿರುಗಿದರು. ಸುಂದರಿ ತುಟಿ ಅಲ್ಲಾಡಿಸುತ್ತಿದ್ದಳು. ಅವಳು ಮಾತು ಬಿಟ್ಟಿದ್ದೇ ಸುಳ್ಳು. ಐದು ದಿನವೂ ಬೈದಿದ್ದಳು. ಬಹುಶಃ ಅದಕ್ಕೂ ಹಿಂದಿನ ಎಷ್ಟೋ ವರ್ಷ.

"ಏನೇ ಅದು ಬಾಯಲ್ಲಿ?" ಎಂದರು.

ಸುಂದರಿಯ ತುಟಿ ನಿಂತಿತು. "ಕೇಳಿಸ್ತಾ?" ಎಂದಳು.

ವಾಪಸು ಗಾಡಿಯಲ್ಲಿ ದೇವದಾಸರಿಗೆ ಲೋಕದ ಮೇಲಿನ ಹಳೆಯ ಸಿಟ್ಟು ಹೋಗಿ ಹೊಸತು ಬಂತು. ಜನ ಇಷ್ಟೊಂದು ಗದ್ದಲ ಮಾಡುತ್ತಾರೆಯೇ? ಪ್ಲಾಸ್ಟಿಕ್ ಚೀಲ ಚರಚರ ಎನ್ನುತ್ತಿತ್ತು. ಜಯಶೀಲ ಕಡಲೆ ಜಗಿಯುವುದು ಕೇಳಿ, "ಬಾಯಿ ಮುಚ್ಚಿ ತಿನ್ನು ಮಾರಾಯ!" ಎಂದು ಗದರಿಸಿದರು. ಮನೆಗೆ ಬಂದು ಚಪ್ಪಲಿ ಕಳಚಿ ಕೂತರು. ನಾಳೆ ಎಂತ ಹೇಳುವುದು? ಕಾಗದ ಓದಿದರೆ ಕುರ್ಚಿ ಹೋಯಿತು, ಊರಿನ ಕಾರ್ಡು ಹೋಯಿತು. ಅಡಗಿಸಿಟ್ಟರೆ ಚಂದ್ರಬಾಯಿ ಚೌಕಿಗೆ ಹೋಗುತ್ತಾರೆ. ಯೋಚನೆ ಮುಂದೆ ಸಾಗದಂತೆ ಎಲ್ಲೋ ಏನೋ ಅಡ್ಡ ಬರುತ್ತಿತ್ತು.

ಟಪ್. ಟಪ್. ಟಪ್.

ಯಂತ್ರ ಕೆಟ್ಟಿತೆಂದು ತೆಗೆದರು. ಸದ್ದು ನಿಂತಿತು. ಹಾಕಿಕೊಂಡರು. ಟಪ್. ಎದ್ದು ಸದ್ದಿನ ಜಾಡು ಹಿಡಿದು ಹೋದರು. ಅಡುಗೆಮನೆಯಲ್ಲಲ್ಲ, ಬಾಲ್ಕನಿಯಲ್ಲಲ್ಲ. ತಮ್ಮದೇ ಬಾತ್‌ರೂಮು. ಫ್ಲಶ್ಶಿನ ಟಾಂಕಿಯ ಹಿಂದೆ, ಬಕೆಟುಗಳ ಮರೆಯಲ್ಲಿ, ಪೈಪಿನ ಗಂಟಿನಿಂದ ನೀರು ತೊಟ್ಟಿಕ್ಕಿ, ಹಾವಸೆ ಕಟ್ಟಿದ ಬಿರುಕಿನೊಳಗೆ ಹರಿದುಹೋಗುತ್ತಿತ್ತು. ಆ ಬಿರುಕಿನ ಕೆಳಗೆ ೩೦೨. ಆಕೆ ಮೇಲಿನ ಮನೆಯಿಂದಲೇ ಬರುತ್ತಿದ್ದಳು. ನಡಾವಳಿಯಲ್ಲಿ ಅದೊಂದು ಸಾಲು ಸತ್ಯವಾಗಿತ್ತು.

"ಸುಂದರೀ!" ಎಂದು ಅವರು ಗುಡುಗಿದರು. "ಇದು ಯಾವಾಗಿನಿಂದ? ಇಷ್ಟು ಸೋರ್ತಾ ಇದ್ರೆ ಬಾಯಿ ಬಿಟ್ಟು ಹೇಳ್ಬಾರ್ದಾ?"

ಸುಂದರಿ ಸೌಟು ಹಿಡಿದೇ ಬಂದಳು. ಇಷ್ಟು ದಿನ ಗೋಡೆಗೆ ಹೇಳಿದ್ದೆಲ್ಲ ಈಗ ಒಟ್ಟಿಗೆ ಎದ್ದು ನಿಂತಿತು. "ಹೇಳ್ಬಾರ್ದಾ? ಎರಡು ವರ್ಷದಿಂದ ಹೇಳ್ತಾ ಇದ್ದೇನೆ! ಟಾಂಕಿ ಸೋರ್ತದೆ, ಪ್ಲಂಬರ್‌ನ ಕರೀರಿ ಅಂತ. ನೀವೆಂತ ಹೇಳಿದ್ರಿ? 'ಆಯ್ತು, ಸಕ್ಕರೆ ಕಮ್ಮಿ ಹಾಕು' ಅಂತ! ಮಗಳ ಫೀಸು ಕಟ್ಟುವ ದಿನ ಹೇಳಿದೆ, ಪೇಪರ್ ತಿರುವಿದ್ರಿ. ನಿಮ್ಮತ್ರ ಮಾತಾಡಿ ಮಾತಾಡಿ ನನ್ನ ಗಂಟಲು ಹೋಯ್ತು. ಆಮೇಲೆ ನಿಮ್ಮತ್ರ ಹೇಳುವುದು ಬಿಟ್ಟು ನನ್ನಷ್ಟಕ್ಕೇ ಹೇಳಿಕೊಂಡೆ. ಅದನ್ನೇ ನೀವು ಗೊಣಗುವುದು ಅಂದ್ರಿ!"

ಆ ಮಾತಿನ ಪ್ರತಿಯೊಂದು ಅಕ್ಷರವೂ ಕೇಳಿಸಿತು. ದೇವದಾಸರು ಬೈಯಲೆಂದು ಬಾಯಿ ತೆರೆದರು, ಯಾರನ್ನು ಬೈಯುವುದೆಂದು ತೋಚಲಿಲ್ಲ. ಕೈಗೆ ಸಿಕ್ಕಿದ ಬಕೆಟನ್ನು ಒದ್ದರು. ಅದರ ಸದ್ದು ಯಂತ್ರದೊಳಗೆ ಎಷ್ಟು ಜೋರಾಗಿ ಬಂತೆಂದರೆ ಅವರೇ ಕಿವಿ ಮುಚ್ಚಿಕೊಂಡರು.

ರವಿವಾರ ಸೊಸೈಟಿಯ ಆವರಣದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ವಾಚ್‌ಮನ್‌ನ ಕೋಣೆಯಿಂದ ಒಂದು ಫ್ಯಾನು ತಂದಿಟ್ಟಿದ್ದರು. ಎಂದೂ ಕೋರಂ ತುಂಬದ ಸಭೆಗೆ ಅಂದು ಹದಿನಾರೂ ಮನೆಯವರು ಬಂದಿದ್ದರು, ಎರಡು ಮನೆಯವರು ನೆಂಟರನ್ನೂ ಕರೆತಂದಿದ್ದರು. ಚೇರ್ಮನ್ನರು ಅಭ್ಯಾಸದಂತೆ "ಶಾಂತತಾ, ಶಾಂತತಾ" ಎಂದರು. ಚಂದ್ರಬಾಯಿಯವರು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು.

ದೇವದಾಸರು ಎದ್ದರು. ಕಿವಿಯ ಹಿಂದಿನ ಗೋಡಂಬಿಯನ್ನು ಕಂಡು ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. 'ನೋಡಿ, ಮಶೀನು ಹಾಕಿದ್ದಾರೆ', 'ಹೋಗ್ಲಿ ಬಿಡಿ, ಇನ್ನು ಕುರ್ಚಿ ಬಿಡ್ತಾರೆ', 'ಎಂಥಾ ಸಚಿವ!' ಎಲ್ಲ ಕೇಳಿಸಿತು. ಏಳು ವರ್ಷ ಈ ಜನ ತಮ್ಮ ಬೆನ್ನ ಹಿಂದೆ ಇಷ್ಟು ಆರಾಮಾಗಿ ಮಾತಾಡುತ್ತಿದ್ದರೆಂದು ಗೊತ್ತಾದಾಗ ಅವರ ಮೈ ಉರಿಯಿತು. ಆ ಉರಿಯಲ್ಲೇ, ಬರೆದುಕೊಂಡು ಬಂದದ್ದನ್ನು ಬಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು.

"ನನ್ನ ಕಿವಿ ಹಾಳಾಗಿದೆ. ಇದು ಕಾಗದ. ಮಾಸ್ತರರ ಮನೆಯಲ್ಲಿರುವುದು ಗಳತಿ. ಗ, ಳ, ತಿ. ಎತ್ವ ಇಲ್ಲ. ಅದು ಬರುವುದು ನನ್ನ ಮನೆಯ ಫ್ಲಶ್ಶಿನ ಟಾಂಕಿಯಿಂದ. ಪ್ಲಂಬರ್ ನಾಳೆ ಬರ್ತಾನೆ. ಮಾಸ್ತರ್, ಚಂದ್ರಬಾಯಿ ವಹಿನಿ, ತಪ್ಪು ನನ್ನದು, ಮಾಫ್ ಕರಾ. ಕುರ್ಚಿ ಬಿಟ್ಟಿದ್ದೇನೆ. ಯಾರಿಗೆ ಬೇಕೋ ಬಂದು ಕೂತ್ಕೊಳ್ಳಿ!"

ಹೀಗೆಂದು ನೋಟುಬುಕ್ಕು, ಪೆನ್ನು, ಸೊಸೈಟಿಯ ರಬ್ಬರ್ ಶಿಕ್ಕೆ ಮೂರನ್ನೂ ಮೇಜಿನ ಮೇಲೆ ಕುಕ್ಕಿದರು. ಚೇರ್ಮನ್ನರು ಸಭೆಯತ್ತ ತಿರುಗಿ, ಹೊಸ ಸಚಿವರಾಗಲು ಯಾರು ತಯಾರು ಎಂದು ಕೇಳಿದರು.

ಒಂದು ಕೈಯೂ ಮೇಲೇಳಲಿಲ್ಲ. ಕುರ್ಚಿ ಬಿಡಲಿ ಎಂದಿದ್ದವನು ಮೊಬೈಲಿನಲ್ಲಿ ಏನನ್ನೋ ತುರ್ತಾಗಿ ಹುಡುಕತೊಡಗಿದ. ಇನ್ನೊಬ್ಬರಿಗೆ ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಳ್ಳುವುದಿತ್ತು. ನೆಂಟರು ತಾವು ನೆಂಟರೆಂದು ನೆನಪಿಸಿದರು. ನೀರಿನ ಟ್ಯಾಂಕರಿಗೆ ಕಾಯುವುದು, ವಾಚ್‌ಮನ್ ಮಲಗಿದ್ದರೆ ಎಬ್ಬಿಸುವುದು, ಹದಿನಾರು ಮನೆಯ ಬೈಗುಳ ತಿನ್ನುವುದು, ಇದಕ್ಕೆಲ್ಲ ಸಂಬಳವಿಲ್ಲ ಎಂಬುದು ಎಲ್ಲರಿಗೂ ಒಟ್ಟಿಗೇ ಜ್ಞಾಪಕಕ್ಕೆ ಬಂದಿತ್ತು. ದೇವದಾಸರಿಗೆ ಫ್ಯಾನಿನ ಕಿರಕಿರ ಕೇಳಿಸಿತು. ಬೇರೇನೂ ಕೇಳಿಸಲಿಲ್ಲ.

ಎದ್ದವರು ಚಂದ್ರಬಾಯಿಯೇ. "ಇವರೇ ಇರಲಿ. ಕೇಳಿಸದೆ ತಪ್ಪು ಬರೆದರು, ಒಪ್ಪಿಕೊಂಡರು. ಬೇರೆಯವರು ಕೇಳಿಸಿಕೊಂಡೂ ಸುಮ್ಮನಿರುವವರು" ಎಂದರು. ಸಭೆ ಚಪ್ಪಾಳೆ ತಟ್ಟಿ, ಬಚಾವಾದ ಉಸಿರು ಬಿಟ್ಟಿತು. ದೇವದಾಸರ ಎದೆ ಉಬ್ಬುವುದರೊಳಗೆ ಚಂದ್ರಬಾಯಿ ಮುಂದುವರಿಸಿದರು: "ಈಗ ಕೇಳಿಸ್ತದಲ್ಲ? ಹಾಗಾದರೆ ಕೇಳಿ. ಎರಡು ವರ್ಷದಲ್ಲಿ ನನ್ನ ಗೋಡೆಯ ಬಣ್ಣ ಏನಾಗಿದೆ ಗೊತ್ತಾ?" ಅವರು ಶುರುಮಾಡಿದ್ದೇ ತಡ, ಮೊದಲನೆಯ ಮಾಳಿಗೆಯವರಿಗೆ ಗಟಾರ ನೆನಪಾಯಿತು, ಎರಡನೆಯವರಿಗೆ ಪಾರಿವಾಳ, ಇನ್ನೊಬ್ಬರಿಗೆ ಮೂರು ವರ್ಷದಿಂದ ಉರಿಯದ ಮೆಟ್ಟಿಲ ಬಲ್ಬು. ಎಲ್ಲರೂ ಎಂದೋ ಹೇಳಿ ಸೋತಿದ್ದರು. ಕೇಳುವ ಸಚಿವ ಸಿಕ್ಕಿದನೆಂದು ಹದಿನಾರು ಮನೆಯೂ ಒಟ್ಟಿಗೆ ಎದ್ದು ನಿಂತು ಕೂಗತೊಡಗಿತು. ಚೇರ್ಮನ್ನರ ಶಾಂತತಾ ಅದರಲ್ಲಿ ಮುಳುಗಿಹೋಯಿತು.

ಏಳು ವರ್ಷ ಸಚಿವರಾಗಿದ್ದದ್ದು ಹೇಗೆ ಸಾಧ್ಯವಾಯಿತೆಂದು ದೇವದಾಸರಿಗೆ ಅಂದು ತಿಳಿಯಿತು. ಅವರ ಕೈ ಮೆಲ್ಲಗೆ ಕಿವಿಯ ಹಿಂದಕ್ಕೆ ಹೋಯಿತು.

ಹೆಂಗಸರ ಸಾಲಿನಿಂದ, ಅಷ್ಟು ಗದ್ದಲದ ನಡುವೆ, ಒಂದು ಸಣ್ಣ ಸ್ವರ ಬಂತು. "ತೆಗೀರಿ, ನೋಡುವ!"

ಸುಂದರಿ ದನಿ ಏರಿಸಿರಲಿಲ್ಲ. ಆದರೂ ಕೇಳಿಸಿತು. ಕೈ ಕೆಳಗಿಳಿಯಿತು.

ಸೋಮವಾರ ಬೆಳಿಗ್ಗೆ ಬೋರ್ಡಿಗೆ ಹೊಸ ನಡಾವಳಿ ಬಂತು. ಪ್ರಣೀತಾ ಎರಡೂ ಕಿವಿ ಖಾಲಿ ಇಟ್ಟುಕೊಂಡು ಹೊಡೆದದ್ದು, ದೇವದಾಸರು ಕನ್ನಡಕ ಹಾಕಿಕೊಂಡು ಮೂರು ಸಲ ಓದಿ ಸಹಿ ಮಾಡಿದ್ದು. ಇಪ್ಪತ್ತೇಳು ದೂರುಗಳ ಕೆಳಗೆ ಕೊನೆಯ ವಿಷಯ ಹೀಗಿತ್ತು:

'ವಿಷಯ ೨೮. ಮಾನದ ಸಚಿವರು ಕಿವಿಯ ಯಂತ್ರವನ್ನು ಮೀಟಿಂಗಿನಲ್ಲಾಗಲಿ ಮನೆಯಲ್ಲಾಗಲಿ ತೆಗೆಯಕೂಡದು. ಸೂಚಕರು: ಸೌ. ಸುಂದರಿ ಸಾಲಿಯಾನ್ (೪೦೨). ಅನುಮೋದಕರು: ಸೌ. ಚಂದ್ರಬಾಯಿ ಖಾನೋಲ್ಕರ್ (೩೦೨). ಠರಾವು ಸರ್ವಾನುಮತದಿಂದ ಮಂಜೂರು.'